ಉಪ್ಪಿನ ಬಿರಡೆ

ನಾನು ಮಾಡಿದ ಬಾಗಿಲು ಒಮ್ಮೆ ಮುಚ್ಚಿತೆಂದರೆ ಗಾಳಿ ಕೂಡ ಹೊರಗೆ ನಿಂತು ಅಪ್ಪಣೆ ಕೇಳಬೇಕು. ಈ ದ್ವೀಪದ ನೂರಾ ಹದಿನಾಲ್ಕು ಮನೆಗಳ ಬಾಗಿಲೂ ನನ್ನ ಕೈಯಿಂದ ಬಂದವು. ಅದರಲ್ಲಿ ಒಂದಾದರೂ ಕಿರ್ ಎಂದರೆ ಮೀಸೆ ಬೋಳಿಸಿಕೊಳ್ಳುತ್ತೇನೆ ಎಂದು ನಾನು ಇಪ್ಪತ್ತು ವರ್ಷದಿಂದ ಸವಾಲು ಹಾಕುತ್ತಾ ಬಂದಿದ್ದೇನೆ. ಬೋಳಿಸುವವರೇ ಇಲ್ಲ ಎನ್ನುವುದು ಬೇರೆ ಮಾತು. ಊರಿಗೆ ಇರುವುದು ಒಬ್ಬನೇ ಕ್ಷೌರಿಕ, ಅವನ ಮನೆಯವರು ಮೂರು ತಲೆಮಾರಿನಿಂದ ನಮ್ಮ ಮನೆಯವರ ಗಡ್ಡ ಮುಟ್ಟಿಲ್ಲ. ನಾನೇ ಉಳಿಯಿಂದ ಕೆರೆದುಕೊಳ್ಳುತ್ತೇನೆ. ಒಂದು ಸಲವೂ ರಕ್ತ ಬಂದಿಲ್ಲ. ಬಂದಿದೆ, ಆದರೆ ಒಪ್ಪಿಕೊಂಡಿಲ್ಲ.

ಊರು ನನ್ನನ್ನು ಕರೆಯುವುದು ತೂತು ಮೇಸ್ತ್ರಿ ಎಂದು. ನಮ್ಮದು ತೂತಿನ ಮನೆ. ನಮ್ಮಪ್ಪ ಬದುಕಿರುವವರೆಗೂ ತೂತಪ್ಪ. ನನ್ನ ಸೋದರತ್ತೆಗೆ ಈಗ ಎಂಬತ್ತೊಂದು, ಮದುವೆಯಾಗಲಿಲ್ಲ. ತೂತಿನ ಮನೆಯ ಹೆಣ್ಣು ತಂದುಕೊಂಡರೆ ಮನೆ ಸೋರುತ್ತದೆ ಎಂದು ಯಾರೋ ಒಬ್ಬ ನಗೆಚಾಟಿಕೆ ಮಾಡಿದ, ಊರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕಿತು, ಅಷ್ಟಕ್ಕೇ ಒಂದು ಹೆಂಗಸಿನ ಬದುಕು ಮುಗಿಯಿತು. ಆ ಮಾತಾಡಿದವನ ಹಲ್ಲು ಉದುರಿಸಬೇಕು ಎಂದು ನಾನು ಹುಟ್ಟುವ ಮೊದಲೇ ತೀರ್ಮಾನ ಮಾಡಿದ್ದೆ. ನಾನು ಹುಟ್ಟುವಷ್ಟರಲ್ಲಿ ಅವನ ಹಲ್ಲು ತಾವಾಗಿಯೇ ಉದುರಿದ್ದವು. ನನ್ನ ದುರದೃಷ್ಟ.

ಕಾರಣ ಎಪ್ಪತ್ತೆರಡು ವರ್ಷ ಹಳೆಯದು. ಆಗ ನಮ್ಮಜ್ಜ ದೋಣಿ ಕಟ್ಟುತ್ತಿದ್ದ. ದ್ವೀಪದ ಉಪ್ಪಿನ ಗದ್ದೆಗಳೆಲ್ಲ ಈಗಿನ ಧಣಿಯ ಅಜ್ಜನವು. ಇಲ್ಲಿ ಸಿಹಿನೀರಿನ ಬಾವಿ ಇರುವುದು ಒಂದೇ, ಆ ದೊಡ್ಡಧಣಿ ಒಂದು ದಿನ ಅದರ ಸುತ್ತ ಗೋಡೆ ಎಬ್ಬಿಸಿ ಬೀಗ ಹಾಕಿದ. ತನ್ನ ಗದ್ದೆಯಲ್ಲಿ ದುಡಿಯುವವರಿಗೆ ಮಾತ್ರ ನೀರು, ಮಿಕ್ಕವರು ಸಮುದ್ರ ನೋಡಿಕೊಂಡು ಬಾಯಿ ಚಪ್ಪರಿಸಬೇಕು. ಒಂಬತ್ತು ಜನ ಗಂಡಸರು ಅರ್ಜಿ ಬರೆದುಕೊಂಡು, ಆಚೆ ದಡದ ಅಧಿಕಾರಿಯನ್ನು ಕಾಣಲು ಅಜ್ಜ ಕಟ್ಟಿದ ಹೊಸ ದೋಣಿಯಲ್ಲಿ ಹೊರಟರು. ಬಂಡೆಸಾಲು ದಾಟಿದ್ದನ್ನು ದಡದಲ್ಲಿದ್ದವರು ನೋಡಿದ್ದಾರೆ. ಮುಂದೆ ನೋಡಿದವರಿಲ್ಲ. ನಾಲ್ಕು ಹೆಣ ದಡಕ್ಕೆ ಬಂದವು. ದೋಣಿಯ ಒಂದು ಚಕ್ಕೆಯೂ ಸಿಗಲಿಲ್ಲ.

ಅಜ್ಜ ಕಬ್ಬಿಣದ ಮೊಳೆ ಹೊಡೆಯುತ್ತಿರಲಿಲ್ಲ, ಗಟ್ಟಿ ಮರವನ್ನು ಬೆರಳಷ್ಟು ಸಣ್ಣಗೆ ಸೀಳಿ ಮರದ ಮೊಳೆ ಹೊಡೆಯುತ್ತಿದ್ದ. ಮರದ ಮೊಳೆ ಕಿತ್ತುಕೊಂಡಿತು, ಹಲಗೆ ಬಾಯಿಬಿಟ್ಟಿತು, ಒಂಬತ್ತು ಜನ ಸತ್ತರು. ಹಾಗೆಂದು ಮೊದಲು ಹೇಳಿದ್ದು ದೊಡ್ಡಧಣಿ, ಆಮೇಲೆ ಊರು. ಅಂದಿನಿಂದ ನಮ್ಮ ಮನೆಗೆ ಯಾರೂ ದೋಣಿಯ ಕೆಲಸ ಕೊಟ್ಟಿಲ್ಲ. ಬಾಗಿಲು ಮಾಡಿಸಿಕೊಂಡರು, ಯಾಕೆಂದರೆ ಬಾಗಿಲು ಮುಳುಗುವುದಿಲ್ಲ. ಅಜ್ಜ ಎರಡು ವರ್ಷ ಗೋಡೆಗೆ ಮುಖ ಮಾಡಿ ಕೂತಿದ್ದು ಸತ್ತ. ನಾನು ಎಲ್ಲವನ್ನೂ ಒಂದಕ್ಕೆ ಹತ್ತು ಮಾಡಿ ಹೇಳುವವನು. ಇದನ್ನು ಮಾತ್ರ ಇದ್ದಷ್ಟೇ ಹೇಳುತ್ತಿದ್ದೇನೆ: ಎರಡು ವರ್ಷ, ಗೋಡೆಗೆ ಮುಖ ಮಾಡಿ.

ಮನಸ್ಸಿನಲ್ಲಿ ನಾನು ಸಾವಿರ ದೋಣಿ ಕಟ್ಟಿದ್ದೇನೆ. ಕೈಯಲ್ಲಿ ಒಂದೂ ಇಲ್ಲ.

ಹೋದ ತಿಂಗಳು ಧಣಿಯ ಹಳೆಯ ಉಪ್ಪಿನ ಗೋದಾಮಿನ ಬಾಗಿಲುವಾಡ ಒಂದು ಕಡೆ ಕುಸಿಯಿತು. ನನ್ನನ್ನು ಕರೆಸಿದರು. ಚೌಕಟ್ಟು ಬಿಚ್ಚಿ, ಹೊಸ ಕಂಬ ನಿಲ್ಲಿಸಲು ನೆಲ ಅಗೆಯಬೇಕಿತ್ತು. ಧಣಿ ಬಿಳಿ ಟೋಪಿ ಹಾಕಿಕೊಂಡು ಬಂದು ನಿಂತ.

"ಏ ತೂತು, ಒಂದು ಮೊಳ ಅಗಿ ಸಾಕು. ಅದಕ್ಕಿಂತ ಆಳ ಬೇಡ."

"ಯಾಕೆ ಧಣಿ, ಕೆಳಗೆ ನಿಮ್ಮಜ್ಜ ಮಲಗಿದಾರಾ?"

ಅವನು ನಗಲಿಲ್ಲ. ನನ್ನ ಮಾತಿಗೆ ನಗದವರು ದ್ವೀಪದಲ್ಲೇ ಇಲ್ಲ, ಸತ್ತ ಮೀನು ಕೂಡ ನಗುತ್ತದೆ. ಅವನು ನಗದೆ ಹೋದದ್ದೇ ನನಗೆ ಸಾಕಾಯಿತು. ನನಗೆ ಯಾರಾದರೂ ಒಂದು ಮೊಳ ಎಂದರೆ ಮೂರು ಮೊಳ ಕೇಳಿಸುತ್ತದೆ. ಅಗೆದೆ. ಎರಡನೇ ಮೊಳ ಮುಗಿಯುವಾಗ ಹಾರೆ ಟೊಕ್ ಎಂದಿತು. ಕಲ್ಲಿನ ಸದ್ದಲ್ಲ, ಮರದ ಸದ್ದು. ಅದೂ ಗಟ್ಟಿ ಮರದ್ದು. ಕೈಯಿಂದ ಉಪ್ಪುಮಣ್ಣು ಸರಿಸಿದರೆ ಒಂದು ದೋಣಿಯ ಮೂತಿ. ಹಲಗೆಯ ಮೇಲೆ ಬಾಚಿ ಓಡಿಸಿದ ಗುರುತು ಹಾಗೇ ಇತ್ತು. ಹಲಗೆಗೆ ಹಲಗೆ ಕೂಡುವಲ್ಲಿ ಸಾಲಾಗಿ ಮರದ ಮೊಳೆ.

ನಾನು ಹಾರೆ ಹಿಡಿದುಕೊಂಡು ಹಾಗೇ ಕುಕ್ಕರಿಸಿದೆ. ಸಮುದ್ರದ ಮಧ್ಯೆ ಮುಳುಗಿದ ದೋಣಿ ಧಣಿಯ ಗೋದಾಮಿನ ನೆಲದಡಿಗೆ ನಡೆದುಕೊಂಡು ಬಂದಿತೇ?

ಉಪ್ಪಿನವರ ಬುದ್ಧಿಯೇ ಅಷ್ಟು. ಅವರ ಕಣ್ಣಿಗೆ ಉಪ್ಪು ಎಂದರೆ ತಿನ್ನುವ ವಸ್ತು. ಅವರ ಬೀಗ ಆರು ತಿಂಗಳಲ್ಲಿ ಪುಡಿಯಾಗುತ್ತದೆ, ಗೋಡೆ ಹೊಪ್ಪಳಿಸುತ್ತದೆ, ಕೂಲಿಯವರ ಅಂಗಾಲು ಒಡೆದು ಬಾಯಿಬಿಡುತ್ತದೆ. ಇದನ್ನೂ ತಿಂದುಹಾಕಲಿ ಎಂದು ದೊಡ್ಡಧಣಿ ದೋಣಿಯನ್ನು ಉಪ್ಪಿನಲ್ಲಿ ಹೂತ. ಸಮುದ್ರದಲ್ಲೇ ಬಿಟ್ಟಿದ್ದರೆ ಹುಳು ಕೊರೆದು ಎರಡು ವರ್ಷದಲ್ಲಿ ಜರಡಿ ಮಾಡುತ್ತಿತ್ತು. ದಡದಲ್ಲಿ ಬಿಟ್ಟಿದ್ದರೆ ಗೆದ್ದಲು. ಒಬ್ಬ ಬಡಗಿಯನ್ನು ಕೇಳಿದ್ದರೂ ಹೇಳುತ್ತಿದ್ದ: ಉಪ್ಪು ಕಬ್ಬಿಣ ತಿನ್ನುತ್ತದೆ, ಮರವನ್ನು ಕಾಯುತ್ತದೆ. ಆದರೆ ಊರಿನ ಬಡಗಿಯನ್ನು ಆಗಲೇ ಗೋಡೆಗೆ ಮುಖ ಮಾಡಿಸಿ ಕೂರಿಸಿದ್ದರು, ಕೇಳುವುದು ಯಾರನ್ನು? ಯಾವ ಮೊಳೆಗೆ ಇಡೀ ಊರು ಎಪ್ಪತ್ತೆರಡು ವರ್ಷ ಉಗಿಯಿತೋ, ಆ ಮೊಳೆಯೇ ಒಂದು ಹಲಗೆ ಅಲುಗದಂತೆ ದೋಣಿಯನ್ನು ಹಿಡಿದುಕೊಂಡಿತ್ತು.

ಧಣಿ ತಿರುಗಿ ಬಂದ. ಗುಂಡಿ ನೋಡಿದ. ಟೋಪಿ ತೆಗೆದು ಗಾಳಿ ಹಾಕಿಕೊಂಡ.

"ಮೇಸ್ತ್ರಿ," ಅಂದ. ತೂತು ಇಲ್ಲದ ಮೇಸ್ತ್ರಿ, ಹುಟ್ಟಿದ ಮೇಲೆ ಮೊದಲ ಸಲ. "ಹಳೇ ಕಟ್ಟಿಗೆ. ಪೂರ್ತಿ ಅಗಿದು ಸೀಳಿ ಒಲೆಗೆ ಹಾಕು. ಗೋದಾಮು ನಾಲ್ಕು ದಿನ ನಿನ್ನ ಕೈಲೇ ಇರ್ಲಿ, ಯಾರನ್ನೂ ಒಳಗೆ ಬಿಡ್ಬೇಡ."

"ಇದು ದೋಣಿ ಧಣಿ."

"ದೋಣಿ ಬೇಕಾ ನಿಂಗೆ? ಮಳೆಗಾಲದ ಮುಂಚೆ ಮೂವತ್ತು ಅಡಿದು ಒಂದು ಕಟ್ಟಿಸ್ತಿದೀನಿ. ನೀನೇ ಕಟ್ಟು. ಮೂತಿ ಮೇಲೆ ನಿನ್ನ ಹೆಸರು ಕೆತ್ಕೋ."

ಸುಳ್ಳು ಹೇಳುವುದಿಲ್ಲ, ನನ್ನ ಬಾಯಲ್ಲಿ ನೀರೂರಿತು. ಮೂವತ್ತು ಅಡಿ! ಆ ಕ್ಷಣದಲ್ಲೇ ನಾನು ಅದರ ತಳದ ಬೆನ್ನುಮರ ಆರಿಸಿಬಿಟ್ಟಿದ್ದೆ. ಧಣಿಗೆ ಎರಡೂ ಕೈ ಮುಗಿದೆ. ಆ ಕೈಗಳನ್ನು ಈಗಲೂ ಕತ್ತರಿಸಿ ಎಸೆಯಬೇಕು ಎನಿಸುತ್ತದೆ, ಆದರೆ ಅವುಗಳಿಂದ ಇನ್ನೂ ಕೆಲಸವಿದೆ.

ಮನೆಗೆ ಹೋದೆ. ಅತ್ತೆ ಬಾಗಿಲಲ್ಲಿ ಕೂತು ಧಣಿಯ ಉಪ್ಪಿನ ಗೋಣಿಚೀಲಗಳ ಬಾಯಿ ಹೊಲಿಯುತ್ತಿದ್ದಳು. ಅವಳ ಎಡಗೈಯ ಕಿರುಬೆರಳಿಗೆ ತುದಿ ಇಲ್ಲ. ಆರು ವರ್ಷದವಳಿದ್ದಾಗ ಅಜ್ಜನ ಬಾಚಿಯೊಂದಿಗೆ ಆಡಲು ಹೋಗಿ ಕಳೆದುಕೊಂಡದ್ದು. ನಾನು ಎಲ್ಲ ಹೇಳಿದೆ. ಅವಳು ದಬ್ಬಳ ಚೀಲದಲ್ಲೇ ಚುಚ್ಚಿ ಬಿಟ್ಟಳು.

"ಮೂತಿ ಒಳಗೆ ಕೈ ಹಾಕಿ ನೋಡ್ದ್ಯಾ?"

"ಇಲ್ಲ. ಯಾಕೆ?"

"ನಮ್ಮಪ್ಪ ಸಂದಿಗೆ ರಾಳ ಹುಯ್ದಾಗ, ಆರೋಕೆ ಮುಂಚೆ ನಾನು ಮೂತಿ ಒಳಗೆ ತೂರಿ ಅಂಗೈ ಒತ್ತಿದ್ದೆ. ಬೈತಾನೆ ಅಂದ್ಕೊಂಡೆ. ಬೈಲಿಲ್ಲ. 'ಇರ್ಲಿ ಬಿಡು, ಇದು ನಿನ್ನ ರುಜು' ಅಂದ." ಚೀಲ ಪಕ್ಕಕ್ಕೆ ಸರಿಸಿ ಕೇಳಿದಳು. "ತಳ ನೋಡ್ದ್ಯಾ?"

"ಇನ್ನೂ ಅಗಿದಿಲ್ಲ."

"ಹೊರಡೋ ಹಿಂದಿನ ಸಂಜೆ ದೊಡ್ಡಧಣಿ ಇಬ್ರು ಆಳು ಕಳ್ಸಿದ್ದ, ತಳಕ್ಕೆ ಡಾಂಬರು ಬಳಿಯೋಕೆ. 'ಜಗಳ ಇದ್ರೂ ಜೀವ ಮುಖ್ಯ, ನನ್ನ ಕಡೆಯಿಂದ ಇರ್ಲಿ' ಅಂದ. ಊರೆಲ್ಲ ಏನ್ ಹೊಗಳಿದ್ರು! ನಾನು ನೋಡೋಕೆ ಹೋದೆ. ಒಬ್ಬ ತೂಬು ಕೊರೆಯೋ ದಪ್ಪ ಬೈರಿಗೆ ಹಿಡ್ಕೊಂಡಿದ್ದ. ಡಾಂಬರು ಬಳಿಯೋಕೆ ಬೈರಿಗೆ ಯಾಕೆ ಮಾಮಾ ಅಂದೆ. ಅಟ್ಟಿಸ್ಕೊಂಡು ಬಂದ."

"ಯಾರಿಗೂ ಹೇಳ್ಲಿಲ್ವಾ?"

"ಹೇಳ್ದೆ! ಊರೆಲ್ಲ ಸೇರಿದ್ದಾಗ ಹೇಳ್ದೆ. ಅಪ್ಪನ ತಪ್ಪು ಮುಚ್ಚೋಕೆ ಸುಳ್ಳು ಹೇಳ್ತಾಳೆ ಅಂತ ಕೆನ್ನೆಗೆ ಹೊಡೆದ್ರು. ಒಂಬತ್ತು ವರ್ಷ ನಂಗೆ. ಹೊಡೆದೋಳು ಕ್ಷೌರದವನ ಅಜ್ಜಿ. ಅವಳ ಗಂಡನೂ ಹೋಗಿದ್ದ, ಪಾಪ. ಪಾಪ ಏನು ಬಂತು, ಇನ್ನೂ ಉರಿಯತ್ತೆ!" ಎಂದು ಅತ್ತೆ ಕೆನ್ನೆ ಮುಟ್ಟಿಕೊಂಡಳು, ನಿನ್ನೆ ಬಿದ್ದ ಏಟಿನ ಹಾಗೆ.

ಮಾರನೇ ಬೆಳಗಿನಿಂದ ಎರಡು ದಿನ ಒಬ್ಬನೇ ಅಗೆದೆ. ಹತ್ತು ಆಳಿನ ಕೆಲಸ. ಇದು ಉತ್ಪ್ರೇಕ್ಷೆಯಲ್ಲ, ಹನ್ನೆರಡು ಆಳಿನದು. ಬಯಲಾದ ಹಲಗೆ ಒಣಗಿ ಬಿರಿಯದಿರಲೆಂದು ಒದ್ದೆ ಗೋಣಿ ಹೊದಿಸುತ್ತಾ ಹೋದೆ. ಮೂತಿಯ ಒಳಗೆ, ಕಲ್ಲಾಗಿದ್ದ ರಾಳದಲ್ಲಿ, ಪುಟ್ಟ ಅಂಗೈ. ಕಿರುಬೆರಳು ಅರ್ಧಕ್ಕೇ ನಿಂತಿತ್ತು.

ತಳದಲ್ಲಿ, ಹಿಂಬದಿಯ ಅಡ್ಡಹಲಗೆಯ ಅಡಿಗೆ, ಗುಂಡಗೆ ಒಂದು ತೂತು. ಎರಡು ಇಂಚು ಅಗಲ. ಬಂಡೆ ಬಡಿದರೆ ಹಲಗೆ ಸೀಳುತ್ತದೆ, ಕೊಳೆತರೆ ಮೆತ್ತಗಾಗುತ್ತದೆ. ಇದು ನುಣ್ಣಗೆ ಕೊರೆದದ್ದು. ಒಳಬದಿಗೆ ಚಕ್ಕೆ ಎದ್ದಿತ್ತು, ಅಂದರೆ ಹೊರಗಿನಿಂದ, ತಳದಿಂದ ಬೈರಿಗೆ ಹಾಕಿದ್ದಾರೆ. ಹಾಗೇ ಬಿಟ್ಟಿದ್ದರೆ ದೋಣಿ ಹೊರಟ ಧಕ್ಕೆಯ ಹತ್ತಿರವೇ ನೀರು ತುಂಬಿ, ಎಲ್ಲರೂ ಈಜಿ ಬರುತ್ತಿದ್ದರು. ಬಂಡೆಸಾಲು ದಾಟುವವರೆಗೆ ಏನೋ ಅದನ್ನು ಮುಚ್ಚಿತ್ತು, ಆಮೇಲೆ ಇಲ್ಲವಾಗಿತ್ತು. ಒಂದು ಗಳಿಗೆ ಕಲ್ಲಿನಂತಿದ್ದು ಆಮೇಲೆ ಗುರುತಿಲ್ಲದೆ ಮಾಯವಾಗುವ ವಸ್ತು ಈ ದ್ವೀಪದಲ್ಲಿ ಯಾವುದು? ಗದ್ದೆಯ ತಳದಿಂದ ಎಬ್ಬಿಸುವ ಉಪ್ಪಿನಗಟ್ಟಿ. ಅದರ ಬಿರಡೆ, ಮೇಲೆ ಉಪಕಾರದ ಡಾಂಬರು. ಥೂ!

ಇನ್ನೊಂದು ಕಂಡೆ. ಮಧ್ಯದ ಅಡ್ಡಹಲಗೆಗೆ ಒಂದು ಚರ್ಮದ ಪಟ್ಟಿ ಗಂಟು ಹಾಕಿತ್ತು. ಯಾರೋ ತನ್ನನ್ನು ದೋಣಿಗೆ ಕಟ್ಟಿಕೊಂಡಿದ್ದ. ತುಂಬಿದ ಮರದ ದೋಣಿ ತಳಕ್ಕೆ ಹೋಗುವುದಿಲ್ಲ, ನೀರಿನ ಮಟ್ಟದಲ್ಲಿ ಹೊರಳಾಡುತ್ತಾ ತೇಲುತ್ತದೆ. ಉಬ್ಬರ ಅದನ್ನು ಹಿಂದಣ ದಡಕ್ಕೆ ತಂದು ಬಿಟ್ಟಿರಬೇಕು. ಅಲ್ಲಿರುವುದು ಧಣಿಯ ಗದ್ದೆಗಳು. ಪಟ್ಟಿಯ ಇನ್ನೊಂದು ತುದಿಯನ್ನು ಯಾರೋ ನೇರವಾಗಿ ಕತ್ತರಿಸಿದ್ದರು.

ಇದಕ್ಕೆ ನಾನು ಏನನ್ನೂ ಸೇರಿಸುವುದಿಲ್ಲ.

ನೇರವಾಗಿ ಕ್ಷೌರದ ಅಂಗಡಿಗೆ ಹೋದೆ. ಕ್ಷೌರಿಕ ಶಾಲೆಯ ಮೇಷ್ಟ್ರ ಮುಖಕ್ಕೆ ನೊರೆ ಹಚ್ಚಿ ಅರ್ಧ ಕೆನ್ನೆ ಬೋಳಿಸಿದ್ದ.

"ಬಂತು ನೋಡಿ, ಊರಿನ ತುತ್ತೂರಿ," ಅಂದ ಕ್ಷೌರಿಕ. "ಹೊರಗೆ ನಿಲ್ಲು."

"ಒಂಬತ್ತು ಜನರ ದೋಣಿ ಸಿಕ್ಕಿದೆ."

ನೊರೆಯ ಒಳಗಿಂದಲೇ ಮೇಷ್ಟ್ರು ನಕ್ಕರು. "ಹೋದ ವರ್ಷ ತಿಮಿಂಗಿಲದ ಬಾಯಿಗೆ ಎರಡು ಪದರದ ಬಾಗಿಲು ಮಾಡ್ಕೊಟ್ಟೆ ಅಂದಿದ್ಯಲ್ಲ, ಅದರ ಹೊಟ್ಟೇಲಿತ್ತಾ?"

ಆ ಗಳಿಗೆಯಲ್ಲಿ ನನ್ನ ನಾಲಿಗೆಯನ್ನೇ ನಾನು ಶಪಿಸಿದೆ. ನಲವತ್ತು ವರ್ಷ ಗಾಳಿ ಹೊಡೆದು ಉಬ್ಬಿಸಿದ ಬಾಯಿ. ನಿಜ ಹೇಳಬೇಕಾದ ದಿನ ಯಾರೂ ನಂಬುವುದಿಲ್ಲ. ಅಳತೆ ಬಿಟ್ಟು ಬೇರೆ ಮಾತೇ ಆಡಬಾರದು ಎಂದುಕೊಂಡೆ.

"ಇಪ್ಪತ್ತೆರಡು ಅಡಿ ಉದ್ದ. ಐದೂಕಾಲು ಅಗಲ. ಮಧ್ಯದ ಹಲಗೆಗೆ ಒಂದು ಚರ್ಮದ ಪಟ್ಟಿ ಕಟ್ಟಿದೆ. ಅಗಲ ಎರಡೂವರೆ ಬೆರಳು, ಒಂದು ಮುಖ ನುಣುಪು, ಒಂದು ಮುಖ ಒರಟು. ತುದೀಲಿ ಹಿತ್ತಾಳೆ ಬಳೆ."

ಕ್ಷೌರಿಕನ ಕತ್ತಿ ಮೇಷ್ಟ್ರ ಗಂಟಲ ಮೇಲೆ ನಿಂತಿತು. ಮೇಷ್ಟ್ರು ಉಸಿರಾಡಲಿಲ್ಲ. ಗೋಡೆಯ ಮೊಳೆಗೆ ಅಂಥದೇ ಪಟ್ಟಿ ನೇತಾಡುತ್ತಿತ್ತು, ಹಿತ್ತಾಳೆ ಬಳೆಯದು, ಕತ್ತಿ ಮಸೆಯುವುದು.

"ಅಜ್ಜ ಅದನ್ನ ಸೊಂಟಕ್ಕೆ ಕಟ್ಕೊಂಡು ಹೋಗಿದ್ದ," ಅಂದ, ತೀರಾ ಮೆಲ್ಲಗೆ. "ಕತ್ತಿ ಮನೇಲೇ ಬಿಟ್ಟಿದ್ದ. ಇದೇ ಕತ್ತಿ."

ಅರ್ಧ ನೊರೆಯ ಮೇಷ್ಟ್ರೂ ಸೇರಿ ಮೂವರೂ ಗೋದಾಮಿಗೆ ಓಡಿದೆವು. ಕ್ಷೌರಿಕ ಪಟ್ಟಿಯ ಕತ್ತರಿಸಿದ ತುದಿಯನ್ನು ಹೆಬ್ಬೆರಳಿನಿಂದ ಸವರಿದ. ಅಲಗಿನ ವಿಷಯ ಅವನಿಗೆ ಯಾರೂ ಹೇಳಿಕೊಡಬೇಕಿಲ್ಲ.

"ತುಂಡಾಗಿದ್ದಲ್ಲ. ದಡದಲ್ಲಿ ಯಾರೋ ಕೊಯ್ದಿದ್ದು," ಅಂದ. ಆಮೇಲೆ ನನ್ನ ಅಂಗಿಯ ಕೊರಳುಪಟ್ಟಿ ಹಿಡಿದು ಗೋಡೆಗೆ ಒತ್ತಿದ. "ಎಪ್ಪತ್ತೆರಡು ವರ್ಷ ನಿಮ್ಮನೆ ಮುಂದೆ ಉಗಿದಿದೀವಲ್ಲೋ! ಒಂದು ಸಲ ತಿರುಗಿ ಉಗೀಬಾರ್ದಿತ್ತೇನೋ ನೀವು!"

ಸಿಟ್ಟು ಎಲ್ಲಿ ಹೋಗಿ ಬೀಳಬೇಕೆಂದು ಅದಕ್ಕೇ ಗೊತ್ತಿರುವುದಿಲ್ಲ. ನಾನು ಅವನ ಕೈ ಬಿಡಿಸಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ಒಂಬತ್ತು ಮನೆಗಳಿಂದಲೂ ಜನ ಬಂದಿದ್ದರು. ಬಾಗಿಲುವಾಡ ಬಿಚ್ಚಿದ್ದೆನಲ್ಲ, ದೋಣಿ ಸಲೀಸಾಗಿ ಹೊರಬಂತು. ಹೊತ್ತು ಧಕ್ಕೆಯ ಪಕ್ಕದ ಸೊಂಟದಾಳದ ನೀರಿನ ಹತ್ತಿರ ಇಟ್ಟೆವು. ಧಣಿ ಗದ್ದೆಯಿಂದ ಓಡಿ ಬಂದ, ಟೋಪಿ ಇಲ್ಲದೆ.

"ಯಾರನ್ನ ಕೇಳಿ ತಂದ್ರಿ? ನನ್ನ ಗೋದಾಮಿನ ಸಾಮಾನು ಅದು!"

"ನಿಮ್ಮ ಸಾಮಾನಾ?" ಅಂದೆ. "ಹಾಗಂತ ಎಲ್ಲರ ಮುಂದೆ ಇನ್ನೊಂದು ಸಲ ಹೇಳಿ ಧಣಿ."

ಅವನು ದನಿ ಇಳಿಸಿದ. "ಯಾವ ಕಾಲದ್ದೋ. ತೂತು ಯಾರು ಕೊರೆದ್ರೋ ಯಾರಿಗೆ ಗೊತ್ತು? ನಿಮ್ಮಜ್ಜನೇ ಕೊರೆದಿರ್ಬಹುದು."

ಅವನ ಗದ್ದೆಯ ತೂಬಿನಿಂದ ಒಂದು ಗೂಟ ಕಿತ್ತು ತಂದಿದ್ದೆ. ಎಲ್ಲರೂ ನೋಡುವಂತೆ ದೋಣಿಯ ತೂತಿಗೆ ಇಟ್ಟೆ. ಉಂಗುರ ಬೆರಳಿಗೆ ಕೂತಂತೆ ಕೂತಿತು, ತೂಬು ಕೊರೆಯುವ ಬೈರಿಗೆಯದೇ ಅಳತೆ. ನಮ್ಮಜ್ಜನ ಅತಿ ದೊಡ್ಡ ಬೈರಿಗೆ ಅರ್ಧ ಇಂಚಿನದು, ಅದನ್ನೂ ತೋರಿಸಿದೆ.

ಆದರೂ ಗುಂಪಿನಲ್ಲಿ ಗುಸುಗುಸು. ಧಣಿಯ ಗದ್ದೆಯಲ್ಲಿ ದುಡಿಯುವವರು ಅರ್ಧ ಊರು. ಮೇಷ್ಟ್ರು, ಒಣಗಿದ ನೊರೆಯ ಮುಖದಲ್ಲೇ, ಎಲ್ಲರಿಗೂ ಒಳ್ಳೆಯವರಾಗಲು ಹೊರಟರು. "ಹಳೇ ಕಥೆ. ಹೋದವರಂತೂ ಬರಲ್ಲ. ಈಗಿರೋರು ಈಗಿರೋರ ಜೊತೆ ಬಾಳ್ಬೇಕಲ್ವಾ? ಮರೆತುಬಿಡೋಣ."

"ಮೇಷ್ಟ್ರೇ!" ಅತ್ತೆ ಕೂಗಿದ್ದು ಆಚೆ ದಡಕ್ಕೂ ಕೇಳಿಸಿರಬೇಕು. "ನಿನ್ನೆವರೆಗೆ ತೂತಿನ ಮನೆ ಅನ್ನೋವಾಗ ಹಳೇ ಕಥೆ ಆಗಿರ್ಲಿಲ್ವಾ ಅದು? ನನ್ನ ಮೇಲಿದ್ದಾಗ ಹೊಸದು, ಧಣಿ ಮೇಲೆ ಬಿದ್ದ ಕೂಡ್ಲೇ ಹಳೇದಾ? ಗಡಿಯಾರ ಇದೆಯಲ್ಲ ಕೈಯಲ್ಲಿ, ನೋಡ್ತಾ ಇರಿ!"

ಅವಳು ದೋಣಿಯ ಮೂತಿಗೆ ಬಗ್ಗಿ ತನ್ನ ಸುಕ್ಕುಗಟ್ಟಿದ ಎಡಗೈಯನ್ನು ರಾಳದ ಗುರುತಿನ ಮೇಲೆ ಇಟ್ಟಳು. ಕೈ ದೊಡ್ಡದಾಗಿತ್ತು, ಮೊಂಡು ಬೆರಳು ಮೊಂಡು ಬೆರಳಿನ ಮೇಲೆಯೇ ಬಿತ್ತು. ಹೆಂಗಸರು ಒಬ್ಬೊಬ್ಬರೇ ಬಂದು ನೋಡಿದರು. ಕ್ಷೌರಿಕನ ತಾಯಿ ನೋಡಿ, ಸೆರಗು ಎಳೆದುಕೊಂಡು ಹಿಂದೆ ಸರಿದಳು.

ನಾನು ಉಪ್ಪಿನಗಟ್ಟಿಯಿಂದ ಅರದಲ್ಲಿ ಉಜ್ಜಿ ಮಾಡಿಟ್ಟಿದ್ದ ಬಿರಡೆಯನ್ನು ಹೊರತೆಗೆದು ತೂತಿಗೆ ಬಡಿದೆ. ದೋಣಿಯನ್ನು ನೀರಿಗೆ ನೂಕಿದೆವು. ಅತ್ತೆ ಸೀರೆ ಎತ್ತಿ ಕಟ್ಟಿ ಹತ್ತಿ ಕೂತಳು. ನಾನೂ ಹತ್ತಿದೆ.

"ಬನ್ನಿ ಧಣಿ," ಅಂದಳು ಅತ್ತೆ. "ಕೆಟ್ಟ ಹಲಗೆ, ಮರದ ಮೊಳೆ ಅಲ್ವಾ? ಹಾಗಿದ್ರೆ ಈಗ್ಲೇ ಮುಳುಗತ್ತೆ, ಸೊಂಟದಷ್ಟು ನೀರು, ಸಾಯಲ್ಲ. ಮುಳುಗದೆ ಇದ್ರೆ ಮಾತ್ರ ಕಾಯ್ಬೇಕಾಗತ್ತೆ. ಬಂದು ಪಕ್ಕದಲ್ಲಿ ಕೂತ್ಕೊಳಿ."

ಧಣಿ ಬರಲಿಲ್ಲ.

ದೋಣಿ ತೇಲಿತು. ನೂರು ವರ್ಷ ತೇಲುತ್ತಿತ್ತು. ಹೊಸ ನಾರು, ಹೊಸ ರಾಳ ಒಂದನ್ನೂ ನಾನು ಮುಟ್ಟಿಸಿರಲಿಲ್ಲ. ಹಲಗೆಯ ಸಂದಿಯಿಂದ ಒಂದು ತೊಟ್ಟು ಒಳಗೆ ಬರಲಿಲ್ಲ. ಜನ ದಡದಲ್ಲಿ ಬಿಸಿಲಿಗೆ ಕಣ್ಣು ಕಿರಿದು ಮಾಡಿ ನಿಂತೇ ಇದ್ದರು. ಆಮೇಲೆ ಅತ್ತೆಯ ಕಾಲ ಕೆಳಗೆ ಬುಳ್ ಎಂದು ಒಂದು ಗುಳ್ಳೆ, ಹಿಂದೆಯೇ ಮಣಿಕಟ್ಟಿನ ದಪ್ಪಕ್ಕೆ ನೀರು ಚಿಮ್ಮಿತು. ಉಪ್ಪಿನ ಬಿರಡೆ ಇರಲಿಲ್ಲ. ಗುರುತೂ ಇರಲಿಲ್ಲ.

ಇಪ್ಪತ್ತೇಳು ನಿಮಿಷ. ಮೇಷ್ಟ್ರು ಗಡಿಯಾರ ನೋಡಿ ಜೋರಾಗಿ ಹೇಳಿದರು. ಮೇಲೆ ಡಾಂಬರು ಬಳಿದಿದ್ದರೆ ಇನ್ನೂ ಹೆಚ್ಚು. ಬಂಡೆಸಾಲು ದಾಟುವಷ್ಟು.

ಅತ್ತೆ ಎದೆಮಟ್ಟದ ನೀರಿನಲ್ಲಿ, ತುಂಬಿದ ದೋಣಿಯಲ್ಲಿ, ಏಳದೆ ಕೂತೇ ಇದ್ದಳು. "ನೋಡ್ಕೊಳಿ! ನಮ್ಮಪ್ಪ ಮಾಡಿದ್ದು ಸೋರಲಿಲ್ಲ! ಸೋರಿದ್ದು ನಿಮ್ಮ ಉಪ್ಪು!" ಎಂದು ಒಬ್ಬೊಬ್ಬರ ಮುಖ ನೋಡಿ ಕೂಗಿದಳು. ಆ ಮುಖಗಳಲ್ಲಿ ಎಷ್ಟೋ ಅವಳ ಕಣ್ಣು ತಲುಪುವ ಮೊದಲೇ ನೆಲ ನೋಡಿದವು.

ಕ್ಷೌರಿಕ ನೀರಿಗಿಳಿದು ಅವಳನ್ನು ಎತ್ತಿಕೊಂಡು ಬಂದ. ಅವಳ ಮೈಯೆಲ್ಲ ಉಪ್ಪುನೀರು, ಒಡೆದ ಅಂಗಾಲು ಉರಿಯುತ್ತಿತ್ತು.

"ಸಿಹಿನೀರು ತನ್ರೋ," ಅಂದಳು. "ಒಂದು ಕೊಡ ಸುರೀರಿ ಮೈಮೇಲೆ."

ಎಲ್ಲರೂ ತಿರುಗಿ ಧಣಿಯನ್ನು ನೋಡಿದರು. ಬಾವಿಯ ಬೀಗದ ಕೈ ಅವತ್ತಿಗೂ ಅವನ ಸೊಂಟದಲ್ಲೇ ಇತ್ತು. ಅವತ್ತಿಗೂ ದಿನಕ್ಕೆ ಎರಡು ಗಂಟೆ ಮಾತ್ರ ತೆಗೆಯುತ್ತಿದ್ದ, ಮನೆಗೆ ಎರಡು ಕೊಡ. ಒಂಬತ್ತು ಜನ ಸತ್ತದ್ದು ಅದಕ್ಕೇ ಎನ್ನುವುದನ್ನು ನಾವು ಎಷ್ಟು ಚೆನ್ನಾಗಿ ಮರೆತಿದ್ದೆವು! ದಿನಾ ಬೆಳಗ್ಗೆ ಸಾಲು ನಿಂತು, ನಮ್ಮ ನಮ್ಮ ಕೊಡ ಮಾತ್ರ ನೋಡಿಕೊಂಡು.

"ಹೊತ್ತು ಮೀರಿದೆ," ಅಂದ ಧಣಿ, ಕೈಯನ್ನು ಸೊಂಟದ ಮೇಲಿಟ್ಟು.

ಅವನಿಗೆ ಒಂದು ಮರೆತುಹೋಗಿತ್ತು. ಬಾವಿಯ ಗೋಡೆಗೆ ಆಗಿದ್ದ ಬಾಗಿಲು ಮಾಡಿದ್ದು ಯಾರು? ನಾನೇ. ನನ್ನ ಕೈಯಾರೆ, ಬೆನ್ನು ತಟ್ಟಿಕೊಂಡು ಮಾಡಿದ್ದೆ, ಆನೆ ಗುದ್ದಿದರೂ ಅಲುಗದು ಎಂದು ಊರೆಲ್ಲ ಕೊಚ್ಚಿಕೊಂಡಿದ್ದೆ. ಬೀಗ ಇರುವ ಕಡೆಯಿಂದ ಅಲುಗದು, ನಿಜ. ಆದರೆ ಬಾಗಿಲು ತಿರುಗುವ ಕೀಲಿನ ಕಡ್ಡಿ ಹೊರಬದಿಗಿತ್ತು.

ಉಳಿ, ಸುತ್ತಿಗೆ ತೆಗೆದುಕೊಂಡು ನಡೆದೆ. ಹಿಂದೆ ಇಡೀ ಊರು ಬಂತು. ಕೆಳಗಿನ ಕಡ್ಡಿ ಮೂರು ಏಟಿಗೆ ಮೇಲೆದ್ದಿತು. ಮೇಲಿನದು ಉಪ್ಪು ತಿಂದು ಹಿಡಿದುಕೊಂಡಿತ್ತು. ಏಳು ಏಟು ಬೇಕಾಯಿತು. ಎಂಟು ಕೈ ಸೇರಿ ಬಾಗಿಲನ್ನು ಬೀಗದ ಸಮೇತ ಎತ್ತಿ ಹೊರಗೆಳೆದೆವು. ಎಳೆಯುವಾಗ ಅದು ಹಲ್ಲು ಜುಮ್ಮೆನ್ನುವಂತೆ ಕಿರ್ರೋ ಎಂದು ಕಿರುಚಿತು.

ಕ್ಷೌರಿಕ ನನ್ನ ಕಡೆ ನೋಡಿದ. "ಮೇಸ್ತ್ರಿ, ಕಿರ್ ಅಂತು."

"ಕೇಳಿಸ್ತು."

"ಬಾ ಅಂಗಡಿಗೆ. ಕತ್ತಿ ಮಸೆದಿದೆ."

"ಗಡ್ಡ ಬೋಳಿಸು. ಮೂರು ತಲೆಮಾರಿಂದು ಬಾಕಿ ಇದೆ," ಅಂದೆ. "ಮೀಸೆ ಮುಟ್ಟಿದ್ರೆ ಮಾತ್ರ ಕೈ ಮುರೀತೀನಿ."

ಒಳಗೆ ಅತ್ತೆ ಬಾವಿಕಟ್ಟೆಯ ಮೇಲೆ ಕೂತಿದ್ದಳು. ಕ್ಷೌರಿಕನ ತಾಯಿ ನೀರು ಸೇದಿ ಅವಳ ತಲೆಗೆ ಸುರಿಯುತ್ತಿದ್ದಳು.

"ಇನ್ನೊಂದು ಕೊಡ," ಎನ್ನುತ್ತಿದ್ದಳು ಅತ್ತೆ, ಸಿಟ್ಟು ಇಳಿಯದ ದನಿಯಲ್ಲಿ. "ಇನ್ನೊಂದು. ನಾನು ಸಾಕು ಅನ್ನೋವರೆಗೂ ಹಾಕು."